ಸ್ಟಾಪರ್ ಹುಡುಗಿಯ ಬೇಜಾರು

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್ ಆಡುತ್ತಾಳೆ, ಅಂದರೆ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ಬೆಳಗಿನ ಪ್ರಾರ್ಥನೆ ಹೊತ್ತಲ್ಲಿ ಗೋಲು ಹೊಡೆದವರ ಹೆಸರು ಮಾತ್ರ ಓದುತ್ತಾರಂತೆ. ಅದಕ್ಕೆ ಫಾರ್ವರ್ಡ್ ಆಡ್ತೀನಿ ಅಂತ ಹಟ ಹಿಡಿದಿದ್ದಾಳೆ. ನೀವು ಜರ್ಮನಿಯಲ್ಲಿದ್ದೀರಿ. ಅಲ್ಲಿ ಡಿಫೆಂಡರ್ ಆಗಿಯೇ ಹೆಸರು ಮಾಡಿದ ಹೆಂಗಸರು ಇದ್ದಾರಾ?
– ಒಬ್ಬ ತಾಯಿ, ಶಿರಸಿ

ಉತ್ತರ: ಇದ್ದಾರೆ. ನಾನಿರುವ ಬೋಕುಮ್ ಊರಿನವರೇ ಒಬ್ಬರಿದ್ದಾರೆ. ಆನಿಕೆ ಕ್ರಾನ್, ಹುಟ್ಟಿದ್ದು 1985ರಲ್ಲಿ. ಇದು ಒಂದು ಕಾಲದ ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆಗಳ ಸೀಮೆ. ಇಲ್ಲಿ ಓಣಿಗೊಂದು ಕ್ಲಬ್. ಕ್ರಾನ್ ಕೂಡ ಊರಿನ ಸಣ್ಣ ಕ್ಲಬ್ಬಿನಲ್ಲಿ ಶುರು ಮಾಡಿ, ವಾಟನ್‌ಶೈಡ್‌ನಲ್ಲಿ ಆಡಿ, 2004ರಲ್ಲಿ ಡುಯಿಸ್‌ಬುರ್ಗ್ ತಂಡ ಸೇರಿದರು. ಮುಂದೆ ಪ್ಯಾರಿಸ್ಸಿನ ಪಿ.ಎಸ್.ಜಿ. ಕ್ಲಬ್ಬಿನಲ್ಲಿ ಮೂರು ವರ್ಷ, ಆಮೇಲೆ ಮತ್ತೆ ಜರ್ಮನಿಯ ಲೆವರ್‌ಕೂಸನ್. ದೇಶಕ್ಕೆ 137 ಪಂದ್ಯ ಆಡಿದ್ದಾರೆ.

ನಿಮ್ಮ ಮಗಳಿಗೆ 2007ರ ಹೆಂಗಸರ ವಿಶ್ವಕಪ್ ಕಥೆ ಹೇಳಿ. ನಡೆದದ್ದು ಚೀನಾದಲ್ಲಿ. ಜರ್ಮನಿ ಆರು ಪಂದ್ಯ ಆಡಿತು. ಹೊಡೆದ ಗೋಲು 21. ಬಿಟ್ಟುಕೊಟ್ಟದ್ದು? ಸೊನ್ನೆ. ಗಂಡಸರ ಕಡೆ ನೋಡಿದರೂ ಅಷ್ಟೇ, ಅಲ್ಲಿಯವರೆಗೆ ಒಂದೂ ಗೋಲು ಬಿಡದೆ ವಿಶ್ವಕಪ್ ಗೆದ್ದವರು ಯಾರೂ ಇರಲಿಲ್ಲ. ಕ್ರಾನ್‌ಗೆ ಆಗ 22 ವರ್ಷ.

ಫೈನಲ್ ಶಾಂಘೈಯಲ್ಲಿ, ಸೆಪ್ಟೆಂಬರ್ 30ರಂದು. ನಮಗಿಲ್ಲಿ ಭಾನುವಾರ ಮಧ್ಯಾಹ್ನ. ಎದುರಿಗೆ ಬ್ರೆಜಿಲ್. ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 4-0 ಹೊಡೆದು ಬಂದಿದ್ದ ತಂಡ ಅದು. ಅವರ ಫಾರ್ವರ್ಡ್ ಮಾರ್ತಾ ಚೆಂಡು ಹಿಡಿದು ಓಡಿ ಬರುತ್ತಿದ್ದರೆ ನಾನು ಸೋಫಾ ಮೇಲೆ ಕೂತೇ ಹಿಂದೆ ಸರಿಯುತ್ತಿದ್ದೆ. ಕ್ರಾನ್ ಅಂಥ ವೇಗದ ಓಟಗಾರ್ತಿ ಏನಲ್ಲ. ಆದರೆ ಚೆಂಡಿನ ಮೇಲೆ ಸುಮ್ನೆ ಬೀಳುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತು, ಬರುವವರನ್ನು ಪಕ್ಕಕ್ಕೆ ಪಕ್ಕಕ್ಕೆ ಒಯ್ಯುವುದು, ಅಷ್ಟರಲ್ಲಿ ಜೊತೆಗಾತಿ ಆರಿಯಾನೆ ಹಿಂಗ್ಸ್ಟ್ ಹಿಂದಿನ ಜಾಗ ಮುಚ್ಚುವುದು. ಮೇಲಿನಿಂದ ಬಂದ ಚೆಂಡಿಗೆ ಮಾತ್ರ ತಲೆ ಕೊಡಲು ಹೆದರಿಕೆಯೇ ಇಲ್ಲ. ಬ್ರೆಜಿಲ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಒದ್ದದ್ದು ಮಾರ್ತಾ. ಗೋಲ್‌ಕೀಪರ್ ನಾಡಿನೆ ಆಂಗೆರರ್ ತಡೆದರು. ಜರ್ಮನಿ 2-0 ಗೆದ್ದಿತು. ಮರುದಿನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಆಂಗೆರರ್, ಇಲ್ಲವೇ ಗೋಲು ಹೊಡೆದ ಬಿರ್ಗಿಟ್ ಪ್ರಿನ್ಸ್. ಕ್ರಾನ್ ಹೆಸರನ್ನು ನಾನೇ ಎತ್ತಬೇಕಾಯಿತು!

ನಾನೂ ಕಾಲೇಜಿನಲ್ಲಿ ಸ್ಟಾಪರ್ ಆಡಿದವಳು. ಮೂಗು ಸ್ವಲ್ಪ ಸೊಟ್ಟಗಿರುವುದು ಅದರ ಗುರುತು. ಹಾಗಾಗಿ ನನ್ನ ಮಾತಲ್ಲಿ ಪಕ್ಷಪಾತ ಇದೆ ಅಂತ ಬೇಕಾದರೆ ಅಂದುಕೊಳ್ಳಿ. ಆದರೂ ಪಿ.ಟಿ. ಮೇಷ್ಟ್ರಿಗೆ ಒಂದು ಮಾತು ಹೇಳಿ ನೋಡಿ: ಗೋಲು ಬಿಡದೆ ಗೆದ್ದ ದಿನ ಹಿಂದೆ ಆಡಿದವರ ಹೆಸರನ್ನೂ ಓದಲಿ. ಅಷ್ಟಾದ ಮೇಲೂ ಅವಳಿಗೆ ಮುಂದೆ ಆಡುವ ಆಸೆ ಇದ್ದರೆ, ಆಡಲಿ ಬಿಡಿ.

ಪ್ರಶ್ನೆ: ಅಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಮೊದಲಿನಿಂದಲೂ ಒಳ್ಳೆ ದುಡ್ಡಿತ್ತಾ?
– ಓದುಗರು, ದಾವಣಗೆರೆ

ಉತ್ತರ: ದುಡ್ಡು ಹಾಗಿರಲಿ, ಆಡಲಿಕ್ಕೇ ಬಿಟ್ಟಿರಲಿಲ್ಲ. 1955ರಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳಿಗೆ ಹೆಂಗಸರ ತಂಡ ಕಟ್ಟಬೇಡಿ, ಮೈದಾನ ಕೊಡಬೇಡಿ ಅಂದಿತು. ಆಟದಿಂದ ಹೆಣ್ಣಿನ ಮೈಗೆ ಕೆಡುಕು ಅನ್ನುವ ವಾದ. ಅದನ್ನು ತೆಗೆದದ್ದು 1970ರಲ್ಲಿ. ಆಗಲೂ ಮುಳ್ಳಿನ ಬೂಟು ಹಾಕುವಂತಿಲ್ಲ, ಚಳಿಗಾಲದಲ್ಲಿ ಆಡುವಂತಿಲ್ಲ ಅಂತ ಕಟ್ಟಳೆಗಳು. 1989ರಲ್ಲಿ ಯುರೋಪ್ ಕಪ್ ಗೆದ್ದವರಿಗೆ ಸಂಸ್ಥೆ ಕೊಟ್ಟ ಬಹುಮಾನ ಏನು ಗೊತ್ತಾ? ತಲೆಗೊಂದು ಕಾಫಿ ಸೆಟ್. ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಸಾಸರು. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುತ್ತಾರಲ್ಲ, ಹಾಗೆ. 2007ರ ವಿಶ್ವಕಪ್ ಹೊತ್ತಿಗೆ ಆ ಬಹುಮಾನ ತಲೆಗೆ 50,000 ಯೂರೋ ಆಗಿತ್ತು.

ಜನ ಬರುವುದಿಲ್ಲ ಅನ್ನುವ ಮಾತೂ ಇತ್ತು. 2009ರ ಮೇ ತಿಂಗಳಲ್ಲಿ ನಾನು ಡುಯಿಸ್‌ಬುರ್ಗ್‌ಗೆ ಹೋಗಿದ್ದೆ. ಯುರೋಪಿನ ಕ್ಲಬ್ಬುಗಳ ಹೆಂಗಸರ ಯುಇಎಫ್ಎ ಕಪ್, ಎರಡು ಪಂದ್ಯಗಳ ಫೈನಲ್‌ನ ಎರಡನೇ ಪಂದ್ಯ. ಎದುರಾಳಿ ರಷ್ಯಾದ ಜ್ವೆಜ್ದಾ ಪೆರ್ಮ್. ಮೊದಲ ಪಂದ್ಯವನ್ನು ಕ್ರಾನ್ ಅವರ ತಂಡ 6-0 ಗೆದ್ದಾಗಿತ್ತು. ಕಪ್ ಯಾರಿಗೆ ಅಂತ ಮಕ್ಕಳಿಗೂ ಗೊತ್ತು. ಆದರೂ 28,112 ಜನ ಬಂದಿದ್ದರು! ಪಂದ್ಯ 1-1. ನನಗೆ ಟ್ರಾಮ್‌ನಲ್ಲಿ ಕೂರಲು ಜಾಗ ಸಿಗಲಿಲ್ಲ.

ಪ್ರಶ್ನೆ: ಡಿಫೆಂಡರ್ ಒಂದು ಸಲ ತಪ್ಪಿದರೆ ಸಾಕು, ತಪ್ಪೆಲ್ಲ ಅವರ ತಲೆಗೇ. ಫಾರ್ವರ್ಡ್ ಹತ್ತು ಸಲ ತಪ್ಪಿದರೂ ನಡೆಯುತ್ತದೆ. ಇದು ನ್ಯಾಯವೇ?
– ಓದುಗರು, ಧಾರವಾಡ

ಉತ್ತರ: ಅಲ್ಲ. ಆದರೆ ಆಟದ ಸ್ವಭಾವವೇ ಹಾಗಿದೆ. 2011ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಕ್ವಾರ್ಟರ್‌ಫೈನಲ್ ವೋಲ್ಫ್ಸ್‌ಬುರ್ಗ್‌ನಲ್ಲಿ, ಜಪಾನ್ ಜೊತೆ. ಹಿಂದೆ ಕ್ರಾನ್ ಮತ್ತು ಸಾಸ್ಕಿಯಾ ಬಾರ್ಟುಸಿಯಾಕ್. ಹೆಚ್ಚುವರಿ ಸಮಯವೂ ಸೇರಿ 107 ನಿಮಿಷ ಇಬ್ಬರೂ ಒಂದೂ ಗೋಲು ಬಿಡಲಿಲ್ಲ. 108ನೇ ನಿಮಿಷಕ್ಕೆ ಹಿಂದಿನ ಖಾಲಿ ಜಾಗಕ್ಕೆ ಒಂದು ಪಾಸ್ ಬಂತು. ಬದಲಿಯಾಗಿ ಬಂದಿದ್ದ ಮಾರುಯಾಮಾ ಓರೆ ಕೋನದಿಂದ ಹೊಡೆದರು. 0-1. ಮನೆ ಮುಂದಿನ ವಿಶ್ವಕಪ್ ಮುಗಿಯಿತು. ಅದರಿಂದಲೇ ಮುಂದಿನ ವರ್ಷದ ಲಂಡನ್ ಒಲಿಂಪಿಕ್ಸ್ ಅರ್ಹತೆಯೂ ತಪ್ಪಿತು. ನನ್ನ ಕೇಳಿದರೆ ಅಂದು ಸೋಲಿಸಿದ್ದು ನಮ್ಮ ಮುಂದೆ ಆಡಿದವರು. ಎರಡು ಗಂಟೆ ಆಡಿ ಒಂದು ಗೋಲು ಹೊಡೆಯಲಾಗದಿದ್ದರೆ ಹಿಂದಿನವರು ಎಷ್ಟು ಹೊತ್ತು ಕಾಯಬೇಕು?

2016ರ ರಿಯೋ ಒಲಿಂಪಿಕ್ಸ್ ಫೈನಲ್‌ನಲ್ಲೂ ಹಿಂದೆ ನಿಂತವರು ಅವರಿಬ್ಬರೇ. ಸ್ವೀಡನ್ ಮೇಲೆ 2-1. ಜರ್ಮನಿಯ ಹೆಂಗಸರಿಗೆ ಅದು ಮೊದಲ ಒಲಿಂಪಿಕ್ ಚಿನ್ನ. ಅಲ್ಲಿಗೆ ಇಬ್ಬರೂ ದೇಶದ ತಂಡ ಬಿಟ್ಟರು.

ಪ್ರಶ್ನೆ: ಕ್ರಾನ್ ಅವರ ಬಗ್ಗೆ ಹಿಂದೊಮ್ಮೆ ಬರೆದಿದ್ದಿರಿ. ಅವರು ಗೋಲೇ ಹೊಡೆದಿಲ್ವಾ?
– ಓದುಗರು, ತುಮಕೂರು

ಉತ್ತರ: ಹೊಡೆದಿದ್ದಾರೆ. 137 ಪಂದ್ಯಕ್ಕೆ ಐದು. ಅದರಲ್ಲೊಂದು 2007ರ ಕ್ವಾರ್ಟರ್‌ಫೈನಲ್‌ನಲ್ಲಿ, ಉತ್ತರ ಕೊರಿಯಾ ಮೇಲೆ, ತಂಡದ ಮೂರನೇ ಗೋಲು. ಆ ಶನಿವಾರ ಅಷ್ಟು ಹೊತ್ತೂ ಟಿವಿ ಮುಂದಿಂದ ಕದಲದವಳು, ಅದೇ ಗಳಿಗೆಗೆ ಹೆಂಚಿನ ಮೇಲಿನ ದೋಸೆ ಮಗುಚಲು ಎದ್ದು ಹೋಗಿದ್ದೆ.