ವಯಸ್ಸಾದವರಿಗೆ ವೇಗದ ಮಾತು ಏಕೆ ತಿಳಿಯುವುದಿಲ್ಲ? ಅಭ್ಯಾಸದಿಂದ ಸರಿಹೋಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಮೆಲುದನಿ ಕೇಳಿಸುವವರಿಗೂ ಈ ತೊಂದರೆ ಬರಬಹುದು. ಇದು ದನಿಯ ಜೋರಿನ ಪ್ರಶ್ನೆಯಲ್ಲ, ಕಾಲದ ಪ್ರಶ್ನೆ.

‘ಕತೆ’, ‘ಕತ್ತೆ’ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆ ಹಲ್ಲಿಗೆ ಒತ್ತಿ ನಿಂತಾಗ ಒಂದು ಚಿಕ್ಕ ಮೌನ ಉಂಟಾಗುತ್ತದೆ. ‘ಕತ್ತೆ’ಯಲ್ಲಿ ಅದು ಉದ್ದ. ಎರಡು ಪದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಆ ಮೌನವೇ. ವೇಗವಾಗಿ ಮಾತನಾಡಿದಾಗ ಇಂಥ ಮೌನಗಳೆಲ್ಲ ಕುಗ್ಗುತ್ತವೆ. ಪ್ರಯೋಗಾಲಯದಲ್ಲಿ ಯುವಜನರು ಶಬ್ದದ ನಡುವಿನ 2–3 ಮಿಲಿಸೆಕೆಂಡುಗಳ ಬಿಡುವನ್ನೂ ಗುರುತಿಸಬಲ್ಲರು. ವಯಸ್ಸಾದಂತೆ ಶ್ರವಣನರದ ತಂತುಗಳು ಕಡಿಮೆಯಾಗಿ, ಮಿದುಳಿಗೆ ತಲುಪುವ ಸಂಕೇತಗಳ ಕಾಲಮಾನ ಮಸುಕಾಗುತ್ತದೆ. ಆಗ ಇನ್ನೂ ಉದ್ದದ ಬಿಡುವು ಬೇಕಾಗುತ್ತದೆ.

ಅಭ್ಯಾಸದ ಬಲ ತಿಳಿಯಬೇಕೆಂದರೆ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ವರ್ಷಗಟ್ಟಲೆ ಅತಿವೇಗದಲ್ಲಿ ಬಳಸಿದ ದೃಷ್ಟಿಹೀನರೊಬ್ಬರ ಪಕ್ಕ ಕುಳಿತುಕೊಳ್ಳಿ. ನಮಗೆ ಬರೀ ಗಿಜಿಗಿಜಿ ಎನಿಸುವುದು ಅವರಿಗೆ ಸ್ಪಷ್ಟವಾದ ವಾಕ್ಯ! ವೇಗ ಹೆಚ್ಚಿಸಿದ ಮಾತಿಗೆ ಹಿರಿಯರೂ ಹತ್ತಿಪ್ಪತ್ತು ವಾಕ್ಯಗಳಲ್ಲೇ ಹೊಂದಿಕೊಳ್ಳತೊಡಗುತ್ತಾರೆ. ಆದರೆ ಒಂದು ವೇಗದಲ್ಲಿ ಕಲಿತದ್ದು ಇನ್ನೊಂದು ವೇಗಕ್ಕೆ ಕಿರಿಯರಿಗೆ ಒದಗಿದಷ್ಟು ಅವರಿಗೆ ಒದಗುವುದಿಲ್ಲ.

ಹಾಗಾಗಿ ದಯವಿಟ್ಟು ಮನೆಯ ಹಿರಿಯರೆದುರು ಕೂಗಬೇಡಿ. ಮುಖ ಕಾಣುವಂತೆ ಕುಳಿತು, ಪದಗಳ ನಡುವೆ ಬಿಡುವು ಕೊಟ್ಟು ಮಾತನಾಡಿ. ಒಮ್ಮೆ ಶ್ರವಣ ಪರೀಕ್ಷೆಯನ್ನೂ ಮಾಡಿಸಿ.