ಆ ರಾತ್ರಿಯ ಎರಡು ಫೋನ್ ಕರೆಗಳು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕಿಯಾಗಿರುವ ಮೂವತ್ತೆರಡು ವರ್ಷದ ಸಹೋದರಿಯೊಬ್ಬರು ಬರೆದ ಐದು ಪುಟಗಳ ಪತ್ರವದು. ತಮ್ಮ ಹೆಸರಾಗಲಿ ಊರಿನ ಹೆಸರಾಗಲಿ ಬೇಡವೆಂದು ಅವರು ಕೇಳಿಕೊಂಡಿದ್ದಾರೆ.

ಅವರ ಸಂಗತಿ ಹೀಗಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ವರ್ಷ ಅದೇ ಪ್ಲಾಂಟಿನಲ್ಲಿ ದುಡಿದ ಅವರಿಗೆ ಕಳೆದ ವರ್ಷ ಬಡ್ತಿ ಸಿಕ್ಕಿತು. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಕಂಪ್ರೆಸರ್ ನಡೆಸುತ್ತ ಬಂದ ಹಿರಿಯ ಆಪರೇಟರ್ ಒಬ್ಬರು ಅಂದಿನಿಂದ ಅವರ ಕೈಕೆಳಗೆ ಬಂದರು. ಆತ ಎಲ್ಲರ ಎದುರಿಗೂ ಇವರನ್ನು ‘ತಂಗಿ’ ಎಂದೇ ಕರೆಯುತ್ತಾರೆ, ಇವರು ಬರೆದುಕೊಟ್ಟ ಸೂಚನೆಗಳನ್ನು ಓದುವುದಿಲ್ಲ, ಹುಡುಗರೆಲ್ಲ ಆತನ ಮಾತನ್ನೇ ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಪ್ಲಾಂಟನ್ನು ನಿಲ್ಲಿಸಿ ದುರಸ್ತಿ ಮಾಡಲಾಯಿತು. ಜುಲೈ ಕೊನೆಯ ವಾರ ಮತ್ತೆ ಚಾಲೂ ಮಾಡಿದ ಮೂರನೆಯ ರಾತ್ರಿ ಆತ ಕಂಪ್ರೆಸರಿನ ಎಣ್ಣೆ ಬಂದು ಕೂಡುವ ಪಾತ್ರೆಯಾದ ಆಯಿಲ್ ಪಾಟಿನಿಂದ ಎಣ್ಣೆ ಬಸಿಯಲು ವಾಲ್ವ್ ತೆರೆದಾಗ, ಎಣ್ಣೆಯ ಬೆನ್ನಿಗೇ ಪ್ಲಾಂಟನ್ನು ತಂಪು ಮಾಡುವ ಅಮೋನಿಯಾ ನುಗ್ಗಿತು. ಇಬ್ಬರಿಗೆ ಕಣ್ಣುರಿ ಬಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಪ್ಲಾಂಟ್ ಎರಡು ದಿನ ನಿಂತಿತು, ಆಗಸ್ಟ್ 1ರಂದು ಕಡಲಿಗೆ ಇಳಿದ ಬೋಟುಗಳಿಗೆ ಐಸ್ ಸಾಲಲಿಲ್ಲ. ಆ ಆಪರೇಟರಿಗೆ ಕಾರಣ ಕೇಳಿ ನೋಟಿಸ್ ಬರೆಯಿರಿ ಎಂದು ಮ್ಯಾನೇಜರ್ ಹೇಳಿದ್ದಾರೆ. ‘ಬರೆದರೆ ತಂದೆಯ ವಯಸ್ಸಿನವರ ಅನ್ನಕ್ಕೆ ಕಲ್ಲು ಹಾಕಿದಂತೆ, ಬರೆಯದಿದ್ದರೆ ಇನ್ನು ನನ್ನ ಮಾತಿಗೆ ಬೆಲೆಯಿಲ್ಲ, ನಾನೇನು ಮಾಡಲಿ’ ಎಂಬುದು ಈ ಸಹೋದರಿಯ ಪ್ರಶ್ನೆ.

ತಂಗಿ, ನಿಮ್ಮ ಪತ್ರದ ಮೊದಲ ಎರಡು ಪುಟಗಳು ಆತ ನಿಮ್ಮನ್ನು ಹೇಗೆ ಕರೆಯುತ್ತಾರೆ ಎಂಬುದಕ್ಕೆ ಹೋಗಿವೆ. ನಾಲ್ಕನೆಯ ಪುಟದ ನಡುವೆ ಒಂದೇ ಒಂದು ಸಾಲಿನಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಅಂದು ರಾತ್ರಿ ಅವರು ಎರಡು ಸಲ ಫೋನ್ ಮಾಡಿದ್ದರು, ಹೊಸ ಪಾಟಿನ ಯಾವ ವಾಲ್ವ್ ಮೊದಲು ಮುಚ್ಚಬೇಕು ಎಂದು ಕೇಳಿದರು, ಎಲ್ಲ ಬರೆದು ಗೋಡೆಗೆ ಹಚ್ಚಿದ್ದೇನೆ, ಓದಿಕೊಳ್ಳಿ ಎಂದು ಹೇಳಿ ಇಟ್ಟೆ, ಎರಡನೆಯ ಸಲ ಮಗಳು ಮಲಗಿದ್ದಳೆಂದು ಎತ್ತಲಿಲ್ಲ.’ ಈ ಸಾಲಿನ ನಂತರ ಪತ್ರ ಮತ್ತೆ ನಿಮ್ಮ ಗೌರವದ ವಿಷಯಕ್ಕೆ ಹೊರಳುತ್ತದೆ. ನಾನು ಮಾತ್ರ ಅಲ್ಲಿಂದ ಮುಂದಕ್ಕೆ ಹೋಗಲಾರದೆ ನಿಂತುಬಿಟ್ಟೆ.

ಆತ ಓದುವುದಿಲ್ಲ ಎಂದು ನೀವು ದೂರುತ್ತೀರಿ. ಓದದವನಿಗೆ ಸಂಶಯ ಬರುವುದಿಲ್ಲ. ಗೋಡೆಯ ಕಾಗದದ ಮುಂದೆ ನಿಂತು, ಅದನ್ನು ಓದಿ, ಅದರಲ್ಲಿ ತನಗೆ ಬೇಕಾದ ಉತ್ತರವಿಲ್ಲ ಎಂದು ಕಂಡುಕೊಂಡವನು ಮಾತ್ರ ಅರ್ಧ ರಾತ್ರಿಯಲ್ಲಿ ತನ್ನ ಮಗಳ ವಯಸ್ಸಿನ ಮೇಲಧಿಕಾರಿಗೆ ಫೋನ್ ಮಾಡಿ ‘ಯಾವ ವಾಲ್ವ್’ ಎಂದು ಕೇಳುತ್ತಾನೆ. ಇಪ್ಪತ್ತಾರು ವರ್ಷದ ಅನುಭವವಿದ್ದವರು ತಮಗೆ ಗೊತ್ತಿಲ್ಲವೆಂದು ಬಾಯಿಬಿಟ್ಟು ಕೇಳುವುದು ಸುಲಭದ ಮಾತಲ್ಲ. ಅವರು ಅಂದು ನಿಮಗೆ ಕೊಟ್ಟ ಮರ್ಯಾದೆ ಅದು, ನೀವು ಅದನ್ನು ಗುರುತಿಸಲಿಲ್ಲ.

ಗೋಡೆಗೆ ಹಚ್ಚಿದ ಸೂಚನೆಯ ಪ್ರತಿಯನ್ನು ನೀವೇ ಪತ್ರದ ಜೊತೆಗೆ ಇಟ್ಟಿರುವುದಕ್ಕೆ ನಾನು ಕೃತಜ್ಞ. ನಾಲ್ಕು ಪುಟಗಳ ಆ ಸೂಚನೆಯಲ್ಲಿ ಎಣ್ಣೆ ಬಸಿಯುವ ಕೆಲಸದ ಬಗ್ಗೆ ಇರುವುದು ಈ ಒಂದು ವಾಕ್ಯ: ‘ಆಯಿಲ್ ಪಾಟಿನಿಂದ ತೈಲ ವಿಸರ್ಜನಾ ಕಾರ್ಯವನ್ನು ಕೈಗೊಳ್ಳುವ ಸಂದರ್ಭದಲ್ಲಿ ಸೂಕ್ತ ಮುನ್ನೆಚ್ಚರಿಕಾ ಕ್ರಮಗಳನ್ನು ವಹಿಸತಕ್ಕದ್ದು ಹಾಗೂ ಸಂಬಂಧಿತ ವಾಲ್ವ್‌ಗಳನ್ನು ಅಗತ್ಯಾನುಸಾರ ಬಂದ್ ಮಾಡಿದ ಹೊರತು ವಿಸರ್ಜನಾ ವಾಲ್ವನ್ನು ತೆರೆಯತಕ್ಕದ್ದಲ್ಲ.’

ಸೂಕ್ತ, ಸಂಬಂಧಿತ, ಅಗತ್ಯಾನುಸಾರ. ಈ ಮೂರು ಪದಗಳಿರುವ ಮೂರು ಜಾಗಗಳಲ್ಲಿಯೇ ಆ ಆಪರೇಟರಿಗೆ ಮಾಹಿತಿ ಬೇಕಾಗಿತ್ತು. ಬರೆಯುವವರು ಯೋಚಿಸುವುದನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ಇಂಥ ಪದಗಳು ಬಂದು ಕುಳಿತುಕೊಳ್ಳುತ್ತವೆ ಎಂದು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ‘ಸಂಬಂಧಿತ ವಾಲ್ವ್’ ಎಂದು ಬರೆದಾಗ ಯಾವ ವಾಲ್ವ್ ಎಂಬುದು ನಿಮಗೆ ಖಚಿತವಾಗಿತ್ತೇ? ದುರಸ್ತಿಯ ವೇಳೆ ಹೊಸ ಆಯಿಲ್ ಪಾಟ್ ಕೂಡಿಸಿದ್ದಾರೆ, ಅದರ ವಾಲ್ವ್‌ಗಳಿಗೆ ಇನ್ನೂ ನಂಬರ್ ಹಾಕಿಲ್ಲ ಎಂದು ಬೇರೊಂದು ಸಂದರ್ಭದಲ್ಲಿ ನೀವೇ ಬರೆದಿದ್ದೀರಿ. ಹಾಗಿದ್ದರೆ ಖಚಿತವಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸಲು ಕಚೇರಿಯ ಕನ್ನಡ ನಮಗೆ ಬೇಕಾದಷ್ಟು ಪದಗಳನ್ನು ಕೊಟ್ಟಿದೆ. ಅದರಲ್ಲಿಯೂ ಈ ‘ವಹಿಸತಕ್ಕದ್ದು’ ಎಂಬ ಪ್ರಯೋಗದಲ್ಲಿ ಯಾರು ವಹಿಸಬೇಕು ಎಂಬುದೇ ಇರುವುದಿಲ್ಲ. ಕರ್ತೃವಿಲ್ಲದ ವಾಕ್ಯದಲ್ಲಿ ಕೆಲಸ ಯಾರದೂ ಅಲ್ಲ, ತಪ್ಪು ಮಾತ್ರ ಕೊನೆಗೆ ವಾಲ್ವ್ ಹಿಡಿದವನದು.

ಇನ್ನೊಂದು ಸಂಗತಿಯನ್ನೂ ನೋಡಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಬೇಡ ಎಂಬ ಅರ್ಥ ಆ ಕ್ರಿಯಾಪದದ ಬಾಲದಲ್ಲಿರುತ್ತದೆ. ವಾಕ್ಯ ಉದ್ದವಾದಷ್ಟೂ ಓದುವವನು ‘ಮಾಡು’ ಎಂಬುದೋ ‘ಮಾಡಬೇಡ’ ಎಂಬುದೋ ತಿಳಿಯಲು ಅಷ್ಟು ದೂರ ನಡೆಯಬೇಕಾಗುತ್ತದೆ. ನಿಮ್ಮ ಪ್ರತಿಯಲ್ಲಿ ‘ವಿಸರ್ಜನಾ ವಾಲ್ವನ್ನು’ ಎಂಬಲ್ಲಿಗೆ ಎರಡನೆಯ ಪುಟ ಮುಗಿದಿದೆ, ‘ತೆರೆಯತಕ್ಕದ್ದಲ್ಲ’ ಎಂಬುದು ಮೂರನೆಯ ಪುಟದ ತಲೆಗೆ ಹೋಗಿದೆ. ಮಬ್ಬು ದೀಪದಲ್ಲಿ, ಕಂಪ್ರೆಸರಿನ ಗದ್ದಲದಲ್ಲಿ, ಎಣ್ಣೆಯ ಕೈಯಲ್ಲಿ ಪುಟ ತಿರುವಿ ಓದುವ ಆ ಮನುಷ್ಯನನ್ನು ಬರೆಯುವಾಗ ನೀವು ಕಣ್ಣೆದುರು ತಂದುಕೊಳ್ಳಲೇ ಇಲ್ಲ.

ಓದುಗರಿಗಾಗಿ ಆ ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಕಂಪ್ರೆಸರಿನ ಎಣ್ಣೆ ಸ್ವಲ್ಪಸ್ವಲ್ಪವೇ ಅಮೋನಿಯಾದೊಂದಿಗೆ ಪೈಪುಗಳಿಗೆ ಹೋಗುತ್ತದೆ. ಅದು ದ್ರವ ಅಮೋನಿಯಾಕ್ಕಿಂತ ಭಾರವಾದ್ದರಿಂದ, ಆ ದ್ರವ ತುಂಬಿರುವ ರಿಸೀವರ್ ಎಂಬ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ, ಅಲ್ಲಿಂದ ಆಯಿಲ್ ಪಾಟಿಗೆ ಇಳಿಯುತ್ತದೆ. ಅದನ್ನು ಹೊರಗೆ ಬಸಿಯುವ ಮೊದಲು ರಿಸೀವರಿಗೂ ಪಾಟಿಗೂ ನಡುವಿನ ವಾಲ್ವ್ ಮುಚ್ಚಬೇಕು, ಪಾಟಿನಲ್ಲಿ ಉಳಿದ ಅಮೋನಿಯಾವನ್ನು ಕಂಪ್ರೆಸರಿಗೆ ಮರಳುವ ಪೈಪಾದ ಸಕ್ಷನ್ ಲೈನಿಗೆ ಬಿಟ್ಟು ಒತ್ತಡ ಇಳಿಸಬೇಕು, ಗೇಜಿನಲ್ಲಿ ಒತ್ತಡ ಇಳಿದದ್ದನ್ನು ನೋಡಿದ ಮೇಲೆಯೇ ಡ್ರೇನ್ ವಾಲ್ವ್ ತೆರೆಯಬೇಕು, ತೆರೆದ ಮೇಲೆ ಮುಚ್ಚುವವರೆಗೆ ಅಲ್ಲಿಂದ ಕದಲಬಾರದು. ನಮ್ಮ ಕರಾವಳಿಯ ಸಾಧಾರಣ ಸೆಕೆಯಾದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ಅಮೋನಿಯಾದ ಒತ್ತಡ ವಾತಾವರಣದ ಒತ್ತಡದ ಹನ್ನೊಂದು ಪಟ್ಟಿಗೂ ಹೆಚ್ಚು. ನಡುವಿನ ವಾಲ್ವ್ ತೆರೆದೇ ಇದ್ದರೆ ಎಣ್ಣೆ ತೀರಿದ ಕ್ಷಣದಲ್ಲಿ ಆ ಒತ್ತಡವೆಲ್ಲ ಮನುಷ್ಯನ ಮುಖಕ್ಕೆ ಬರುತ್ತದೆ. ‘ಯಾವ ವಾಲ್ವ್ ಮೊದಲು’ ಎಂಬ ಆತನ ಪ್ರಶ್ನೆ ಇಡೀ ಕೆಲಸದ ಪ್ರಾಣವನ್ನೇ ಹಿಡಿದು ಕೇಳಿದ ಪ್ರಶ್ನೆಯಾಗಿತ್ತು.

ಬರವಣಿಗೆಯೇ ಇಲ್ಲದೆಯೂ ಇಂಥ ಸೂಚನೆಯನ್ನು ಕರಾರುವಾಕ್ಕಾಗಿ ಕೊಡುವವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಶಿರಸಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲದ ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ ಅಪ್ಪಯ್ಯ ಹನ್ನೆರಡು ವರ್ಷದ ನನಗೆ ಬೋರ್ಡೋ ದ್ರಾವಣ ಮಾಡಲು ಕಲಿಸಿದ ಮಾತು ಇಂದಿಗೂ ನೆನಪಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡೂ ಸೇರಿ ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿ, ಸುಣ್ಣವನ್ನು ತುತ್ತಕ್ಕೆ ಹೊಯ್ಯಬೇಡ. ಹೊಯ್ದ ಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕು. ಇಷ್ಟೇ. ಎಷ್ಟು ಎಂಬುದಿದೆ, ಯಾವುದು ಮೊದಲು ಎಂಬುದಿದೆ, ಯಾವುದನ್ನು ಮಾಡಬಾರದು ಎಂಬುದು ಮಾಡಬೇಕಾದುದರ ಪಕ್ಕದಲ್ಲೇ ಇದೆ, ಸರಿಯಾಯಿತೋ ಇಲ್ಲವೋ ಎಂದು ನೋಡುವ ಉಪಾಯವೂ ಇದೆ. ‘ಸೂಕ್ತ ಪ್ರಮಾಣದ ಸುಣ್ಣ’ ಎಂದು ಅಪ್ಪಯ್ಯ ಹೇಳಿದ್ದರೆ ಆ ವರ್ಷದ ಅಡಿಕೆ ನಮ್ಮ ಕೈಗೆ ಬರುತ್ತಿರಲಿಲ್ಲ.

ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ತಪ್ಪು ನಡೆಯುತ್ತದೆ, ಅಲ್ಲಿ ಅದರ ಬೆಲೆಯೂ ದೊಡ್ಡದು. 2003ರ ಫೆಬ್ರುವರಿ 1ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದೊಂದಿಗೆ ಕಲ್ಪನಾ ಚಾವ್ಲಾ ಮತ್ತು ಅವರ ಆರು ಮಂದಿ ಸಂಗಡಿಗರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಜನವರಿ 16ರಂದು ಉಡಾವಣೆಯಾಗಿ ಸುಮಾರು 82 ಸೆಕೆಂಡಿಗೆ ಇಂಧನ ತೊಟ್ಟಿಯ ಫೋಮ್ ತುಂಡೊಂದು ನೌಕೆಯ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರರು ಲೆಕ್ಕ ಹಾಕಿ ಅಧಿಕಾರಿಗಳ ಮುಂದೆ ಸ್ಲೈಡುಗಳನ್ನು ಇಟ್ಟರು. ಬಡಿದ ತುಂಡು ಅದುವರೆಗೆ ಪರೀಕ್ಷಿಸಿದ್ದ ತುಂಡಿಗಿಂತ 640 ಪಟ್ಟು ದೊಡ್ಡದು ಎಂಬ ಸಂಗತಿ ಅಂಥದೊಂದು ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿತ್ತು, ಶೀರ್ಷಿಕೆ ಮಾತ್ರ ಧೈರ್ಯ ಹೇಳುವಂತಿತ್ತು. ಗಮನಾರ್ಹ ಎಂಬರ್ಥದ ಪದ ಅದೇ ಸ್ಲೈಡಿನಲ್ಲಿ ಐದು ಸಲ ಬಂದಿತ್ತು, ಎಷ್ಟು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ಇದನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವ ಹೋಗುವ ವಿಷಯವೆಂದು ತೋಚದೆ ಇರುವುದು ಸಹಜ ಎಂಬ ಅರ್ಥದ ಮಾತನ್ನು ತನಿಖಾ ಮಂಡಳಿಯೇ 2003ರ ಆಗಸ್ಟಿನ ವರದಿಯಲ್ಲಿ ಬರೆಯಿತು. ಅದೇ ದಿನಗಳಲ್ಲಿ ಒಬ್ಬ ಎಂಜಿನಿಯರ್ ತನ್ನ ಕಳವಳವನ್ನೆಲ್ಲ ಇಮೇಲಿನಲ್ಲಿ ಬರೆದು, ಮುದ್ರಿಸಿ, ಸಹೋದ್ಯೋಗಿಗೆ ತೋರಿಸಿದರು. ಮೇಲಿನವರನ್ನು ದಾಟಿ ಹೋದಂತಾಗುತ್ತದೆಂದು ಅದನ್ನು ಕಳಿಸಲಿಲ್ಲ. ಅಷ್ಟು ಕಲಿತ ಎಂಜಿನಿಯರಿಗೆ ಬಾರದ ಧೈರ್ಯ ನಿಮ್ಮ ಆಪರೇಟರಿಗೆ ಬಂದಿತ್ತು. ಅವರು ಕೇಳಿದರು, ಎರಡು ಸಲ.

ಈಗ ಮ್ಯಾನೇಜರ ವಿಷಯ. ಸೂಚನೆ ಒಂದು ಪುಟದಲ್ಲಿದ್ದರೆ ತಪಾಸಣೆಗೆ ಬಂದವರಿಗೆ ಹಗುರವಾಗಿ ಕಾಣುತ್ತದೆ, ನಾಲ್ಕು ಪುಟವಾದರೂ ಇರಲಿ ಎಂದು ಹೇಳಿದವರು ಅವರೇ. ಈಗ ‘ಫೈಲಿಗೆ ಒಂದು ಕಾಗದ ಇರಲಿ’ ಎಂದು ನೋಟಿಸ್ ಬರೆಸುತ್ತಿರುವವರೂ ಅವರೇ. ಈ ಪ್ರಕರಣದಲ್ಲಿ ನನಗೆ ನಿಜವಾಗಿ ಸಿಟ್ಟಿರುವುದು ಅವರ ಮೇಲೆ. ನಂಬರಿಲ್ಲದ ವಾಲ್ವ್‌ಗಳೊಂದಿಗೆ ಪ್ಲಾಂಟ್ ಚಾಲೂ ಮಾಡಲು ಒಪ್ಪಿಗೆ ಕೊಟ್ಟವರು ಯಾರು? ಆಗಸ್ಟ್ 1ರ ಒಳಗೆ ಐಸ್ ಆಗಲೇಬೇಕೆಂದು ಅವಸರಪಡಿಸಿದವರು ಯಾರು? ಕೆಲಸದ ಜಾಗಕ್ಕೆ ಬಾರದೆ ಕಾಗದದ ಮೂಲಕ ಮಾತ್ರ ಪ್ಲಾಂಟನ್ನು ನೋಡುವವರು ಪ್ರತಿ ಅವಘಡದ ನಂತರವೂ ಇನ್ನೊಂದು ಕಾಗದವನ್ನೇ ಕೇಳುತ್ತಾರೆ. ನಿಮ್ಮ ಕೈಯಿಂದ ನೋಟಿಸ್ ಬರೆಸಿಕೊಂಡರೆ ಈ ಎರಡು ಪ್ರಶ್ನೆಗಳನ್ನು ಇನ್ನು ಯಾರೂ ಅವರ ಮುಂದೆ ಇಡುವುದಿಲ್ಲ.

ಉತ್ತರ ಸಿಗದೆ ಆತ ವಾಲ್ವ್ ತೆರೆಯಬಾರದಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಅದನ್ನು ಅವರಿಗೆ ಎದುರು ಕುಳಿತು ಹೇಳಿ. ‘ತಂಗಿ’ ಎಂಬುದರ ಬಗ್ಗೆ ಮಾತ್ರ ನನಗೆ ಹೇಳಲು ಹೆಚ್ಚಿಲ್ಲ. ಎಂಟು ವರ್ಷ ಹಾಗೆ ಕರೆದವರು ಒಂದು ಆದೇಶಪತ್ರ ಬಂದೊಡನೆ ಮೇಡಂ ಎನ್ನಬೇಕೆಂದು ಬಯಸಬೇಡಿ.

ನೋಟಿಸ್ ಬರೆಯಬೇಡಿ. ಮಾಡಬೇಕಾದದ್ದು ಒಂದೇ ಕೆಲಸ, ಅದನ್ನು ನಾಳೆ ಬೆಳಗಿನ ಶಿಫ್ಟಿನಲ್ಲಿಯೇ ಮಾಡಿ. ಒಂದು ನೋಟ್ ಪುಸ್ತಕ ಹಿಡಿದುಕೊಂಡು ಆ ಹಿರಿಯರೊಂದಿಗೆ ಆಯಿಲ್ ಪಾಟಿನ ಮುಂದೆ ಹೋಗಿ ನಿಲ್ಲಿ. ‘ಆ ರಾತ್ರಿ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಫೋನ್ ಇಟ್ಟದ್ದು ತಪ್ಪು’ ಎಂದು ಮೊದಲು ಹೇಳಿ. ಇದನ್ನು ಹುಡುಗರು ಕೇಳಿಸಿಕೊಂಡರೆ ನಿಮಗೆ ನಷ್ಟವಿಲ್ಲ. ಆಮೇಲೆ ಪೈಪಿನ ಗುಂಟ ಕೈಯಾಡಿಸುತ್ತ ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಸೇರಿ ನೋಡಿ, ಪ್ರತಿ ಹೆಜ್ಜೆಯನ್ನೂ ಅವರ ಬಾಯಿಂದ ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಿ. ಸಾಲಿಗೆ ಒಂದೇ ಕೆಲಸವಿರಲಿ. ‘ಎ ನಂಬರ್ ವಾಲ್ವ್ ಮುಚ್ಚು. ಬಿ ನಂಬರ್ ವಾಲ್ವ್ ತೆರೆ. ಗೇಜಿನ ಮುಳ್ಳು ಇಳಿಯುವವರೆಗೆ ಕಾಯಿ. ಮುಳ್ಳು ಇಳಿಯದಿದ್ದರೆ ಮುಂದೆ ಹೋಗಬೇಡ, ಫೋನ್ ಮಾಡು.’ ಕೊನೆಯ ಆ ಫೋನ್ ನಂಬರ್ ನಿಮ್ಮದಾಗಿರಲಿ, ನೀವು ಅದನ್ನು ಎತ್ತಿ. ಬರೆದದ್ದನ್ನು ಪ್ಲಾಂಟಿಗೆ ಹೊಸದಾಗಿ ಬಂದ ಹುಡುಗನ ಕೈಗೆ ಕೊಟ್ಟು, ಯಾವ ವಾಲ್ವನ್ನೂ ತಿರುಗಿಸದೆ ಒಂದೊಂದನ್ನೇ ಬೆರಳಿಟ್ಟು ತೋರಿಸಲು ಹೇಳಿ. ಅವನು ಎಲ್ಲಿ ತಡವರಿಸುತ್ತಾನೋ ಆ ಸಾಲನ್ನು ತಿದ್ದಿ. ಆ ಕಾಗದಕ್ಕೆ ನಿಮ್ಮ ಸಹಿಯ ಪಕ್ಕದಲ್ಲಿ ಹಿರಿಯರ ಸಹಿಯನ್ನೂ ಹಾಕಿಸಿ, ನೋಟಿಸಿನ ಬದಲಿಗೆ ಅದನ್ನೇ ಮ್ಯಾನೇಜರ ಮೇಜಿನ ಮೇಲೆ ಇಟ್ಟು, ನಾನು ಮೇಲೆ ಬರೆದ ಎರಡು ಪ್ರಶ್ನೆಗಳನ್ನು ಅವರಿಗೆ ಕೇಳಿ.

ವಾಲ್ವ್‌ಗಳಿಗೆ ಕಟ್ಟುವ ನಂಬರಿನ ಬಿಲ್ಲೆಗಳನ್ನು ಕೊರೆಸುವಾಗ ಹಿತ್ತಾಳೆಯದನ್ನು ಆರಿಸಬೇಡಿ, ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಬಣ್ಣದಲ್ಲಿ ಬರೆದದ್ದು ನಮ್ಮ ಉಪ್ಪುಗಾಳಿಗೆ ಹೆಚ್ಚು ದಿನ ನಿಲ್ಲುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆಯಲ್ಲಿ ಆಳವಾಗಿ ಕೊರೆಸಿ, ಕತ್ತಲಲ್ಲಿಯೂ ಬೆರಳಿಗೆ ಸಿಗುವಷ್ಟು ದೊಡ್ಡ ಅಕ್ಷರದಲ್ಲಿ.