ಮೂಟೆ ಮೇಲಿನ ಎರಡು ‘ಪಿ’

ಪ್ರಶ್ನೆ: ಸರ್, ಮನೆ ಕಟ್ಟಿಸುತ್ತಿದ್ದೇವೆ. ಸಿಮೆಂಟ್ ಮೂಟೆ ಮೇಲೆ ‘ಪಿಪಿಸಿ’ ಅಂತ ಇದೆ. ಎರಡನೇ ‘ಪಿ’ ಅಂದರೆ ಪೊಜೊಲಾನಾ ಅಂತೆ. ಅದು ಕಂಪನಿ ಹೆಸರಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲ, ಊರಿನ ಹೆಸರು. ಇಟಲಿಯ ನೇಪಲ್ಸ್ ಪಕ್ಕ, ಸಮುದ್ರದ ದಂಡೆಯಲ್ಲಿ ಪೊಟ್ಸುವೊಲಿ ಅಂತ ಒಂದು ಊರಿದೆ. ಅಲ್ಲಿನ ಜ್ವಾಲಾಮುಖಿ ಬೂದಿಗೆ ಇಟಾಲಿಯನ್ನರು ಪೊಟ್ಸೊಲಾನಾ ಅನ್ನುತ್ತಾರೆ. ನಾವು ಅಡುಗೆಮನೆಗೆ ‘ಕಡಪ’ ಹಾಕಿಸುತ್ತೇವಲ್ಲ, ಹಾಗೆ. ಹಾಕಿಸುವಾಗ ಆಂಧ್ರದ ಊರು ಯಾರಿಗೆ ನೆನಪಾಗುತ್ತದೆ ಹೇಳಿ.

ರೋಮನ್ನರ ಕಾಲದಲ್ಲಿ ಆ ಊರು ಪುಟಿಯೊಲಿ. ಬೂದಿಗೆ ಲ್ಯಾಟಿನ್ನಿನಲ್ಲಿ ‘ಪುಲ್ವಿಸ್ ಪುಟಿಯೊಲಾನುಸ್’, ಅಂದರೆ ಪುಟಿಯೊಲಿಯ ಧೂಳು. ಬರಬರುತ್ತಾ ಧೂಳು ಉದುರಿಹೋಯಿತು, ಊರು ಉಳಿಯಿತು.

ಊರಿಗೆ ಆ ಹೆಸರು ಯಾಕೆ ಬಂತು? ಎರಡು ಸಾವಿರ ವರ್ಷದ ಹಿಂದೆಯೇ ವಾರೋ ಎಂಬ ಪಂಡಿತ ಎರಡು ಉತ್ತರ ಕೊಟ್ಟಿದ್ದಾನೆ. ‘ಪುಟಿಯುಸ್’ ಅಂದರೆ ಬಾವಿ, ಅದರಿಂದ ಬಂದಿರಬೇಕು. ಇಲ್ಲವೇ ‘ಪುಟೋರ್’, ಅಂದರೆ ಕೊಳೆತ ನಾತ. ಅಲ್ಲಿ ನೆಲದಿಂದ ಈಗಲೂ ಗಂಧಕದ ಹೊಗೆ ಏಳುತ್ತದೆ. ನಾತದ ಕಥೆಯೇ ಜಾಸ್ತಿ ರುಚಿ, ಒಪ್ಪುತ್ತೇನೆ. ಆದರೂ ನನ್ನ ಓಟು ಬಾವಿಗೇ. ‘ಪುಟಿಯೊಲಿ’ ಅಂದರೆ ಪುಟ್ಟ ಬಾವಿಗಳು ಅಂತ ನೇರವಾಗಿ ಅರ್ಥವಾಗುತ್ತದೆ. ಇಟಾಲಿಯನ್ನಿನಲ್ಲಿ ಬಾವಿ ಇವತ್ತಿಗೂ ‘ಪೊಟ್ಸೊ’.

ತಮಾಷೆ ಏನು ಗೊತ್ತಾ? ಈ ಪುಡಿಯ ಬಗ್ಗೆ ಬರೆದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಅದು ಸಿಗುವುದು ಬಾಯೆ ಊರಿನ ಸುತ್ತ ಅನ್ನುತ್ತಾನೆ. ಬಾಯೆ ಇರುವುದು ಅದೇ ಕೊಲ್ಲಿಯ ಆಚೆ ದಡದಲ್ಲಿ. ದೊಡ್ಡ ಬಂದರು ಮಾತ್ರ ಪುಟಿಯೊಲಿಯದು. ಹಡಗು ಹತ್ತಿದ ಊರಿನ ಹೆಸರೇ ಸರಕಿಗೆ ಅಂಟಿತು ಅಂತ ನನ್ನ ಲೆಕ್ಕ.

ಬರೀ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಈ ಬೂದಿ ಬೆರೆತರೆ ನೀರೊಳಗೂ ಕಲ್ಲಾಗುತ್ತದೆ. ನಮ್ಮಲ್ಲಿ ಆ ಕೆಲಸ ಮಾಡಿದ್ದು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದ. ಸುರ್ಕಿ ಗಾರೆಯ ಉಂಡೆ ಕಟ್ಟಿ, ಒಂದು ದಿನ ಒಣಗಿಸಿ, ನೀರಿನ ಚೊಂಬಿಗೆ ಹಾಕಿಡುತ್ತಿದ್ದ. ಎಂಟು ದಿನ ಬಿಟ್ಟು ತೆಗೆದು ಹೆಬ್ಬೆರಳಿನ ಉಗುರಲ್ಲಿ ಗೀರುತ್ತಿದ್ದ. ಗೀರು ಬಿದ್ದರೆ ಆ ಸುರ್ಕಿ ವಾಪಸ್. ಪೊಜೊಲಾನಾ ಅನ್ನುವ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಅಂದಹಾಗೆ ಮೊದಲ ‘ಪಿ’ ಪೋರ್ಟ್‌ಲ್ಯಾಂಡ್. ಅದೂ ಜಾಗದ ಹೆಸರೇ, ಇಂಗ್ಲೆಂಡಿನದು. ಗಟ್ಟಿಯಾದ ಸಿಮೆಂಟ್ ಅಲ್ಲಿನ ಕಲ್ಲಿನಂತೆ ಕಾಣುತ್ತದೆ ಅಂತ 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಇಟ್ಟದ್ದು.

ನಿಮ್ಮ ಮೂಟೆಯಲ್ಲಿ ಇಟಲಿಯ ಬೂದಿ ಹುಡುಕಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಹಾರುಬೂದಿ. ಅದು ನಿಧಾನಕ್ಕೆ ಗಟ್ಟಿಯಾಗುವ ಜಾತಿ. ಏಳನೇ ದಿನಕ್ಕೇ ನೀರಿನ ಪೈಪು ಸುತ್ತಿಡಬೇಡಿ, ಕ್ಯೂರಿಂಗ್ 10 ದಿನವಾದರೂ ನಡೆಯಲಿ.